ಎಂಜಿನಿನ ತಾಳ ಕಾಯುವ ಪಟ್ಟಿ

ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಇಂದಿಗೂ ಹಳೆಯ ಮಾರುತಿ 800 ಕಾರನ್ನೋ ಓಮ್ನಿ ಗಾಡಿಯನ್ನೋ ಕಾಣಬಹುದು. ಮೊದಲನೆಯದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿಯಿತು. ಅದರ ತಯಾರಿಕೆ 2014ರಲ್ಲಿ ನಿಂತಿತು. ಎರಡನೆಯದು 1984ರಲ್ಲಿ ಬಂದು 2019ರವರೆಗೆ ತಯಾರಾಗುತ್ತಿತ್ತು. ಕಾಪುವಿನ ಕಡಲ ಕರೆಯಿಂದ ಮೀನು, ಕಾರ್ಕಳದ ತೋಟಗಳಿಂದ ಅಡಕೆ, ಮಣಿಪಾಲದ ಆಸ್ಪತ್ರೆಗೆ ರೋಗಿಗಳು – ಹೀಗೆ ಎಲ್ಲವನ್ನೂ ಹೊತ್ತು ಸಾಗಿದ ಗಾಡಿಗಳಿವು. ಇವುಗಳಲ್ಲಿ ಬಹುಪಾಲು ಎರಡು ಮೂರು ಕೈ ದಾಟಿ ಬಂದವು. ಕೊಳ್ಳುವವರು ಚಕ್ರ ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಎಂಜಿನಿನ ಒಂದು ಪಕ್ಕದಲ್ಲಿ ಮುಚ್ಚಳದ ಹಿಂದೆ ಅಡಗಿರುವ, ಎರಡು ಬೆರಳು ಅಗಲದ ಕಪ್ಪು ಪಟ್ಟಿಯನ್ನು ಕುರಿತು ಕೇಳುವವರು ವಿರಳ. ಟೈಮಿಂಗ್ ಬೆಲ್ಟ್ ಎಂದು ಕರೆಯುವ ಈ ಪಟ್ಟಿ ತುಂಡಾದರೆ ಗಾಡಿ ಆ ಕ್ಷಣವೇ ನಿಲ್ಲುತ್ತದೆ. ಕೆಲವು ಎಂಜಿನುಗಳಲ್ಲಿ ಒಳಭಾಗವೇ ನಾಶವಾಗುತ್ತದೆ. ಸಕಾಲದಲ್ಲಿ ಬದಲಾಯಿಸಿದರೆ ಅಲ್ಪ ವೆಚ್ಚ. ತಪ್ಪಿದರೆ ಒಂದು ಕುಟುಂಬದ ಹಲವು ತಿಂಗಳ ಉಳಿತಾಯ.

ಈ ಪಟ್ಟಿಯ ಕೆಲಸವೇನು, ಅದು ಏಕೆ ಸವೆಯುತ್ತದೆ, ಮನೆಯಲ್ಲಿಯೇ ಅದನ್ನು ಬದಲಾಯಿಸಲು ಸಾಧ್ಯವೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ಪ್ರೌಢಶಾಲೆಯ ಮತ್ತು ಕಾಲೇಜಿನ ಮೊದಲ ವರ್ಷಗಳ ಪಾಠಗಳಲ್ಲಿಯೇ ಇದೆ.

ಎರಡು ಸುತ್ತಿಗೆ ಒಂದು ಸುತ್ತು

ನಾಲ್ಕು ಹೊಡೆತಗಳ ಎಂಜಿನನ್ನು ಜರ್ಮನಿಯ ನಿಕೊಲಾಸ್ ಆಟೋ 1876ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಹೀರಿಕೆ, ಒತ್ತಿಕೆ, ಉರಿ, ಹೊರದೂಡಿಕೆ – ಇವೇ ಆ ನಾಲ್ಕು ಹೊಡೆತಗಳು. ಪಿಸ್ಟನ್ನು ಎರಡು ಸಲ ಕೆಳಗಿಳಿದು ಎರಡು ಸಲ ಮೇಲೇರಿದಾಗ ಒಂದು ಆವರ್ತ ಮುಗಿಯುತ್ತದೆ. ಅಷ್ಟರಲ್ಲಿ ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಿರುತ್ತದೆ. ಆದರೆ ಗಾಳಿ ಇಂಧನಗಳನ್ನು ಒಳಗೆ ಬಿಡುವ ಕವಾಟವೂ ಹೊಗೆಯನ್ನು ಹೊರಗೆ ಬಿಡುವ ಕವಾಟವೂ ಈ ಅವಧಿಯಲ್ಲಿ ಒಂದೊಂದು ಸಲ ಮಾತ್ರ ತೆರೆಯಬೇಕು. ಕವಾಟಗಳನ್ನು ತೆರೆಯುವುದು ಉಬ್ಬುಗಳುಳ್ಳ ಕ್ಯಾಮ್ ದಂಡ. ಆದುದರಿಂದ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ಕ್ಯಾಮ್ ದಂಡ ನಿಖರವಾಗಿ ಒಂದು ಸುತ್ತು ತಿರುಗಬೇಕು. ಕ್ರ್ಯಾಂಕಿನ ಪುಲ್ಲಿಗೆ 20 ಹಲ್ಲುಗಳಿದ್ದರೆ ಕ್ಯಾಮಿನ ಪುಲ್ಲಿಗೆ 40 ಹಲ್ಲುಗಳಿರಬೇಕು. ಇವೆರಡನ್ನೂ ಜೋಡಿಸುವುದೇ ನಮ್ಮ ಪಟ್ಟಿ.

ಯಕ್ಷಗಾನದ ರಂಗಸ್ಥಳವನ್ನು ನೆನೆಯಬಹುದು. ವೇಷಧಾರಿಯ ಹೆಜ್ಜೆ, ಮದ್ದಳೆಯ ನುಡಿತ, ಚೆಂಡೆಯ ಪೆಟ್ಟು ಇವೆಲ್ಲ ಭಾಗವತರ ಜಾಗಟೆಯ ತಾಳವನ್ನು ಅನುಸರಿಸುತ್ತವೆ. ವೇಗ ಹೆಚ್ಚಲಿ ಕಡಮೆಯಾಗಲಿ, ಪರಸ್ಪರ ಸಂಬಂಧ ಮಾತ್ರ ಕೆಡಬಾರದು. ಎಂಜಿನಿನಲ್ಲಿಯೂ ಹಾಗೆಯೇ. ಟೈಮಿಂಗ್ ಬೆಲ್ಟು ವೇಗವನ್ನು ನಿರ್ಧರಿಸುವುದಿಲ್ಲ. ಎರಡು ದಂಡಗಳ ನಡುವಣ ಸಂಬಂಧವನ್ನು ಕಾಯುತ್ತದೆ.

ಈ ತಾಳ ಎಷ್ಟು ಚುರುಕಾದುದೆಂದು ನೋಡಿ. ಮಾರುತಿ 800ರ ಮೊದಲ ಎಂಜಿನಿನಲ್ಲಿ ಮೂರು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸ 68.5 ಮಿ.ಮೀ., ಪಿಸ್ಟನ್ನಿನ ಓಟ 72 ಮಿ.ಮೀ. ಇವುಗಳಿಂದ ಘನ ಅಳತೆ 796 ಘನ ಸೆಂಟಿಮೀಟರು ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ದಂಡವು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಒಂದು ಸುತ್ತಿಗೆ ದೊರೆಯುವ ಕಾಲ 20 ಮಿಲಿಸೆಕೆಂಡು ಮಾತ್ರ.

ಸರಪಣಿಯಿಂದ ಪಟ್ಟಿಗೆ

ಮೊದಲಿನ ಎಂಜಿನುಗಳಲ್ಲಿ ಈ ಕೆಲಸವನ್ನು ಹಲ್ಲಿನ ಚಕ್ರಗಳು ಇಲ್ಲವೆ ಉಕ್ಕಿನ ಸರಪಣಿ ಮಾಡುತ್ತಿದ್ದವು. ನಮ್ಮ ದೇಶದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿದ್ದುದು ಸರಪಣಿಯೇ. ಹಲ್ಲುಳ್ಳ ರಬ್ಬರಿನ ಪಟ್ಟಿಯು 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆಯಂತ್ರಗಳಿಗಾಗಿ ರೂಪುಗೊಂಡಿತು. ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ಅದನ್ನು ಮೊದಲು ಅಳವಡಿಸಿದುದು 1962ರಲ್ಲಿ, ಜರ್ಮನಿಯ ಗ್ಲಾಸ್ ಎಂಬ ಕಂಪೆನಿಯ 1004 ಎಂಬ ಮಾದರಿಯಲ್ಲಿ. ಪಟ್ಟಿಗೆ ಎಣ್ಣೆ ಬೇಡ, ಅದು ಹಗುರ, ಸದ್ದು ಕಡಮೆ, ಬೆಲೆಯೂ ಕಡಮೆ. ಒಂದೇ ಕೊರತೆಯೆಂದರೆ ಅದಕ್ಕೆ ಆಯುಷ್ಯದ ಮಿತಿಯುಂಟು. ಈಚಿನ ಅನೇಕ ಎಂಜಿನುಗಳು ಮತ್ತೆ ಸರಪಣಿಗೆ ಹಿಂದಿರುಗಿವೆ. ಆದಕಾರಣ ತಮ್ಮ ಗಾಡಿಯಲ್ಲಿ ಯಾವುದಿದೆ ಎಂಬುದನ್ನು ಅದರ ಕೈಪಿಡಿಯಿಂದಲೇ ತಿಳಿಯತಕ್ಕದ್ದು.

ಪಟ್ಟಿಯನ್ನು ಬರಿಯ ರಬ್ಬರೆಂದು ತಿಳಿಯಬಾರದು. ರಬ್ಬರಾದರೆ ಎಳೆದಾಗ ಹಿಗ್ಗಿ ತಾಳ ತಪ್ಪಿಸುತ್ತಿತ್ತು. ಒಳಗೆ ಉದ್ದಕ್ಕೂ ಗಾಜಿನ ನೂಲಿನ ಹುರಿಗಳಿವೆ, ಬಲವೆಲ್ಲ ಅವುಗಳದೇ. ಹಲ್ಲುಗಳ ಮೇಲೆ ಸವೆತ ತಡೆಯುವ ನೈಲಾನ್ ಬಟ್ಟೆಯ ಹೊದಿಕೆಯಿದೆ. ಗಾಜು ಬಾಗಿದರೆ ಒಡೆಯುವುದಿಲ್ಲವೆ ಎಂದು ವಾಚಕರು ಕೇಳಬಹುದು. ಕಡ್ಡಿಯೊಂದನ್ನು ಬಾಗಿಸಿದಾಗ ಅದರ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಕಡ್ಡಿಯ ದಪ್ಪವನ್ನು ಬಾಗಿನ ವ್ಯಾಸದಿಂದ ಭಾಗಿಸಿದಷ್ಟು. ಒಂದು ಮಿ.ಮೀ. ದಪ್ಪದ ಗಾಜಿನ ಕಡ್ಡಿಯನ್ನು 50 ಮಿ.ಮೀ. ವ್ಯಾಸದ ಪುಲ್ಲಿಗೆ ಸುತ್ತಿದರೆ ಹೊರಮೈ ನೂರಕ್ಕೆ ಎರಡರಷ್ಟು ಹಿಗ್ಗಬೇಕು. ಕಡ್ಡಿ ಒಡೆದೇ ಹೋಗುತ್ತದೆ. ಅದೇ ಗಾಜನ್ನು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ತೆಳ್ಳಗಿನ ಎಳೆಗಳಾಗಿ ಮಾಡಿದರೆ ಹಿಗ್ಗುವಿಕೆ ಹತ್ತು ಸಾವಿರಕ್ಕೆ ಎರಡು ಮಾತ್ರ. ಎಳೆಗಳು ಸುಲಭವಾಗಿ ಬಾಗುತ್ತವೆ. ಹೊಸ ಬೆಲ್ಟನ್ನು ಕಾಗದದಂತೆ ಮಡಿಸಬಾರದು, ತಿರುಚಬಾರದು ಎಂಬ ಎಚ್ಚರಿಕೆಯ ಕಾರಣವೂ ಇದೇ ಲೆಕ್ಕದಲ್ಲಿದೆ. ಮಡಿಕೆಯ ತುದಿಯಲ್ಲಿ ಬಾಗಿನ ವ್ಯಾಸ ಬಹಳ ಚಿಕ್ಕದಾಗಿ, ಒಳಗಿನ ಎಳೆಗಳು ಕಣ್ಣಿಗೆ ಕಾಣದಂತೆ ಮುರಿಯುತ್ತವೆ.

ಸವೆತದ ಲೆಕ್ಕ

ಗಾಡಿಯೊಂದು ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ ಒಂದು ಲಕ್ಷ ಕಿ.ಮೀ. ಓಡಿತೆನ್ನೋಣ. ಎಂಜಿನು 2500 ಗಂಟೆ, ಅಂದರೆ ಒಂದೂವರೆ ಲಕ್ಷ ನಿಮಿಷ ನಡೆದಿರುತ್ತದೆ. ನಿಮಿಷಕ್ಕೆ ಸರಾಸರಿ 2500 ಸುತ್ತೆಂದರೆ ಕ್ರ್ಯಾಂಕ್ ದಂಡ 37.5 ಕೋಟಿ ಸಲ ತಿರುಗಿತು. ಪಟ್ಟಿಗೆ 100 ಹಲ್ಲುಗಳಿದ್ದರೆ, 20 ಹಲ್ಲಿನ ಕ್ರ್ಯಾಂಕ್ ಪುಲ್ಲಿ ಐದು ಸುತ್ತು ತಿರುಗಿದಾಗ ಪಟ್ಟಿ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಆಯಿತು, ಏಳೂವರೆ ಕೋಟಿ ಪ್ರದಕ್ಷಿಣೆ. ಪ್ರತಿ ಪ್ರದಕ್ಷಿಣೆಯಲ್ಲಿ ಮೂರು ಪುಲ್ಲಿಗಳ ಮೇಲೆ ಬಾಗುತ್ತದೆಂದರೂ ಪಟ್ಟಿಯ ಪ್ರತಿಯೊಂದು ಭಾಗವೂ ಇಪ್ಪತ್ತೆರಡು ಕೋಟಿಗೂ ಮಿಕ್ಕಿ ಸಲ ಬಾಗಿ ನೇರವಾಗಿರುತ್ತದೆ. ಯಾವ ವಸ್ತುವಾದರೂ ದಣಿಯತಕ್ಕದ್ದೇ.

ಇದಕ್ಕೆ ಕಾಲದ ಪ್ರಭಾವವೂ ಸೇರುತ್ತದೆ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಾಗ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ರಬ್ಬರಿನ ಮುಪ್ಪಿಗೂ ಅನ್ವಯಿಸುತ್ತದೆ. ಬಿಸಿ ಎಂಜಿನಿನ ಬಳಿಯಲ್ಲಿರುವ ಪಟ್ಟಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆದ್ದರಿಂದಲೇ ತಯಾರಕರು ಬದಲಾವಣೆಯ ಮಿತಿಯನ್ನು ಕಿಲೋಮೀಟರುಗಳಲ್ಲಿಯೂ ವರ್ಷಗಳಲ್ಲಿಯೂ ಕೊಡುತ್ತಾರೆ. ಯಾವುದು ಮೊದಲು ಬರುವುದೋ ಅದೇ ಮಿತಿ. ಅಂಗಳದಲ್ಲಿಯೇ ನಿಂತು ತೀರ ಕಡಮೆ ಓಡಿದ ಗಾಡಿಯ ಬೆಲ್ಟು ಹೊಸತೆಂದು ಭಾವಿಸುವುದು ತಪ್ಪು. ಹಳೆಯ ಗಾಡಿಯನ್ನು ಕೊಂಡು, ಬೆಲ್ಟಿನ ಚರಿತ್ರೆ ತಿಳಿಯದಿದ್ದರೆ ಅದರ ಆಯುಷ್ಯ ಮುಗಿದಿದೆಯೆಂದೇ ಎಣಿಸುವುದು ವಿವೇಕ.

ತುಂಡಾದಾಗ

ಪಟ್ಟಿ ತುಂಡಾದೊಡನೆ ಕ್ಯಾಮ್ ದಂಡವು ಕವಾಟದ ಸ್ಪ್ರಿಂಗುಗಳ ಒತ್ತಡದಿಂದ ಕೂಡಲೆ ನಿಲ್ಲುತ್ತದೆ. ಕೆಲವು ಕವಾಟಗಳು ತೆರೆದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಕ್ರ್ಯಾಂಕ್ ದಂಡ ಮಾತ್ರ ನಿಲ್ಲುವುದಿಲ್ಲ. ಓಡುತ್ತಿರುವ ಗಾಡಿಯ ಚಕ್ರಗಳೇ ಗೇರಿನ ಮೂಲಕ ಅದನ್ನು ತಿರುಗಿಸುತ್ತವೆ. ಜನರೂ ಸೇರಿ 800 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1,11,000 ಜೌಲು. ಕೆಲವು ಎಂಜಿನುಗಳಲ್ಲಿ ಪಿಸ್ಟನ್ನು ಮೇಲೇರಿದಾಗಲೂ ಕವಾಟಕ್ಕೆ ಸಾಕಷ್ಟು ಎಡೆಯಿರುತ್ತದೆ. ಅಲ್ಲಿ ಎಂಜಿನು ನಿಲ್ಲುವುದಷ್ಟೇ ನಷ್ಟ. ಉಳಿದವುಗಳಲ್ಲಿ ಒಂದೇ ಎಡೆಯನ್ನು ಪಿಸ್ಟನ್ನೂ ಕವಾಟವೂ ಸರದಿಯಂತೆ ಬಳಸುತ್ತವೆ. ಡೀಸೆಲ್ ಎಂಜಿನುಗಳು ಸಾಮಾನ್ಯವಾಗಿ ಈ ಎರಡನೆಯ ಜಾತಿಯವು. ಗಾಳಿಯನ್ನು ಅತಿಯಾಗಿ ಒತ್ತಬೇಕಾದುದರಿಂದ ಅವುಗಳಲ್ಲಿ ಎಡೆಯೇ ಕಡಮೆ. ಸರದಿ ತಪ್ಪಿದರೆ ಪಿಸ್ಟನ್ನು ಕವಾಟಕ್ಕೆ ಬಡಿದು ಅದನ್ನು ಬಗ್ಗಿಸುತ್ತದೆ.

ಕ್ಲಚ್ಚನ್ನು ಒತ್ತಿ ಎಂಜಿನನ್ನು ಉಳಿಸಬಾರದೆ? ಮನುಷ್ಯನು ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. 3000 ಸುತ್ತಿನ ವೇಗದಲ್ಲಿ ಅಷ್ಟರೊಳಗೆ ಕ್ರ್ಯಾಂಕು ಹತ್ತು ಸುತ್ತು ತಿರುಗಿರುತ್ತದೆ. ಆಗುವುದೆಲ್ಲ ಮೊದಲ ಸುತ್ತಿನಲ್ಲಿಯೇ ಆಗಿಹೋಗಿರುತ್ತದೆ.

ಹಣದ ನಷ್ಟಕ್ಕಿಂತ ದೊಡ್ಡದು ಪ್ರಾಣಾಪಾಯ. ಅನೇಕ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವುದು ಎಂಜಿನು ಉಂಟುಮಾಡುವ ನಿರ್ವಾತ. ಎಂಜಿನು ನಿಂತರೆ ಕೂಡಿಟ್ಟ ನಿರ್ವಾತವು ಕೆಲವೇ ಒತ್ತುಗಳಿಗೆ ಸಾಲುತ್ತದೆ; ಆಮೇಲೆ ಬ್ರೇಕು ಕಲ್ಲಿನಂತೆ ಗಟ್ಟಿ. ಉಡುಪಿಯಿಂದ ಕಾಪುವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಯನ್ನು ಹಿಂದಿಕ್ಕುತ್ತಿರುವಾಗ, ಇಲ್ಲವೆ ಕಾರ್ಕಳದಿಂದ ಬಜಗೋಳಿಯ ಮೂಲಕ ಕುದುರೆಮುಖದ ಘಟ್ಟ ಹತ್ತಿ ಇಳಿಯುವಾಗ ಹೀಗಾದರೆ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಅಂಥ ಸಂದರ್ಭದಲ್ಲಿ ಬ್ರೇಕನ್ನು ಮತ್ತೆ ಮತ್ತೆ ಬಿಟ್ಟು ಒತ್ತದೆ, ಒಂದೇ ಸಮನೆ ಬಲವಾಗಿ ಒತ್ತಿ ಗಾಡಿಯನ್ನು ಎಡಬದಿಗೆ ತರಬೇಕು.

ಮನೆಯಲ್ಲಿ ಬದಲಾಯಿಸುವ ಕ್ರಮ

ಸರಳ ಎಂಜಿನುಗಳಲ್ಲಿ, ಕೈಪಿಡಿಯನ್ನೂ ಸರಿಯಾದ ಸ್ಪ್ಯಾನರುಗಳನ್ನೂ ಇಟ್ಟುಕೊಂಡು ಒಂದು ಇಡೀ ದಿನವನ್ನು ಮೀಸಲಿಡಬಲ್ಲವರಿಗೆ ಈ ಕೆಲಸ ಅಸಾಧ್ಯವೇನಲ್ಲ. ವಿದ್ಯಾರ್ಥಿಗಳು ಅನುಭವಿಗಳೊಬ್ಬರನ್ನು ಜತೆಗಿಟ್ಟುಕೊಂಡೇ ಇದಕ್ಕೆ ಕೈಹಾಕಬೇಕು. ವಿವರಗಳು ಗಾಡಿಯಿಂದ ಗಾಡಿಗೆ ಬೇರೆಯಾದರೂ ತತ್ತ್ವಗಳು ಒಂದೇ.

ಮೊದಲು ನೆಲ. ಮಳೆಗಾಲದಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣಿನ ಅಂಗಳ ಮೆತ್ತಗಾಗಿ ಜಾಕು ಹೂತುಹೋಗುತ್ತದೆ. ಸಿಮೆಂಟು ನೆಲವೇ ಬೇಕು. ಎತ್ತಿದ ಗಾಡಿಯನ್ನು ಕೆಂಪುಕಲ್ಲಿನ ಮೇಲೆ ನಿಲ್ಲಿಸುವ ಅಭ್ಯಾಸ ಅತ್ಯಂತ ಅಪಾಯಕರ. ಆ ಕಲ್ಲು ಗೋಡೆಯ ಹರಡಿದ ಭಾರವನ್ನು ಹೊರುತ್ತದೆಯೇ ಹೊರತು ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ತಟ್ಟನೆ ಒಡೆಯಬಹುದು. ಉಕ್ಕಿನ ಸ್ಟ್ಯಾಂಡನ್ನೇ ಬಳಸಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಎಂಜಿನು ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

ಮುಚ್ಚಳ ತೆಗೆಯುವ ಮುನ್ನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರೆ ಸಿಲಿಂಡರಿನ ಗಾಳಿ ಒತ್ತದೆ, ಕ್ರ್ಯಾಂಕು ಕೈಬಲಕ್ಕೆ ಸುಲಭವಾಗಿ ತಿರುಗುತ್ತದೆ. ಅದನ್ನು ಎಂಜಿನು ಓಡುವ ದಿಕ್ಕಿನಲ್ಲಿಯೇ, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರು ಹಾಕಿ ತಿರುಗಿಸಬೇಕು; ಕ್ಯಾಮಿನ ಕಡೆಯಿಂದ ಎಂದಿಗೂ ಬಲ ಹಾಕಬಾರದು. ಕ್ರ್ಯಾಂಕಿನ ಗುರುತು ಮತ್ತು ಕ್ಯಾಮಿನ ಗುರುತು ಎರಡೂ ಎಂಜಿನಿನ ಮೇಲಿನ ಸ್ಥಿರ ಗುರುತುಗಳಿಗೆ ನೇರವಾಗಿ ನಿಲ್ಲಬೇಕು. ನಾಲ್ಕು ಹೊಡೆತಗಳಲ್ಲಿ ಕ್ರ್ಯಾಂಕಿನ ಗುರುತು ಎರಡು ಸಲ ಮೇಲೆ ಬರುತ್ತದೆ, ಕ್ಯಾಮಿನದು ಒಂದೇ ಸಲ. ಆದುದರಿಂದ ಕ್ರ್ಯಾಂಕಿನ ಗುರುತು ಸರಿಯಿದ್ದು ಕ್ಯಾಮಿನದು ವಿರುದ್ಧ ದಿಕ್ಕಿನಲ್ಲಿದ್ದರೆ ಇನ್ನೊಂದು ಸುತ್ತು ತಿರುಗಿಸಿದರಾಯಿತು. ಈ ಹಂತದಲ್ಲಿ ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೆಗೆದಿಡುವುದು ಒಳ್ಳೆಯದು.

ಟೆನ್ಶನರಿನ ಬೋಲ್ಟನ್ನು ಸಡಿಲಿಸಿದರೆ ಹಳೆಯ ಪಟ್ಟಿ ಕಳಚಿ ಬರುತ್ತದೆ. ಇಲ್ಲಿಂದ ಮುಂದೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಬೇರೆಬೇರೆಯಾಗಿ ತಿರುಗಿಸಕೂಡದು. ಹೊಸ ಪಟ್ಟಿಯನ್ನು ಕ್ರ್ಯಾಂಕಿನಿಂದ ಪ್ರಾರಂಭಿಸಿ, ಎಳೆತ ಬೀಳುವ ಪಕ್ಕದಲ್ಲಿ ಸಡಿಲು ಉಳಿಯದಂತೆ ಕ್ಯಾಮಿಗೆ ಏರಿಸಿ, ಕೊನೆಗೆ ಟೆನ್ಶನರಿನ ಮೇಲೆ ತರಬೇಕು. ಸಡಿಲೆಲ್ಲ ಟೆನ್ಶನರಿನ ಪಕ್ಕಕ್ಕೇ ಸೇರಿರಬೇಕು.

ಒಂದು ಹಲ್ಲು ತಪ್ಪಿದರೇನು? ಕ್ರ್ಯಾಂಕಿನ ಪುಲ್ಲಿಗೆ 20 ಹಲ್ಲಾದರೆ ಒಂದು ಹಲ್ಲೆಂದರೆ 18 ಡಿಗ್ರಿ. 72 ಮಿ.ಮೀ. ಓಟದ ಎಂಜಿನಿನಲ್ಲಿ, ಪಿಸ್ಟನ್ನಿನ ತೋಳು ಕ್ರ್ಯಾಂಕಿನ ತ್ರಿಜ್ಯದ ಮೂರೂವರೆ ಪಟ್ಟು ಉದ್ದವಿದ್ದರೆ, ತುತ್ತತುದಿಯಿಂದ 18 ಡಿಗ್ರಿಯಲ್ಲಿ ಪಿಸ್ಟನ್ನು ಎರಡೂಕಾಲು ಮಿ.ಮೀ. ಇಳಿದಿರುತ್ತದೆ. ಅಷ್ಟರ ಅಂತರದಲ್ಲಿ ಕವಾಟಗಳು ತಪ್ಪು ಹೊತ್ತಿನಲ್ಲಿ ತೆರೆಯುತ್ತವೆ. ಎಂಜಿನು ಹೊತ್ತಿಕೊಳ್ಳಲು ತಡಮಾಡುತ್ತದೆ. ಇಂದ್ರಾಳಿಯಿಂದ ಮಣಿಪಾಲದ ಏರನ್ನು ಹತ್ತುವಾಗ ಏದುತ್ತದೆ. ಎಡೆ ಕಡಮೆಯಿರುವ ಎಂಜಿನಿನಲ್ಲಿ ಕವಾಟಕ್ಕೆ ಪೆಟ್ಟೂ ಬೀಳಬಹುದು.

ಸ್ಪ್ರಿಂಗಿನ ಟೆನ್ಶನರುಳ್ಳ ಎಂಜಿನಿನಲ್ಲಿ ಬಿಗಿತವನ್ನು ನಮ್ಮ ತೋಳು ನಿರ್ಧರಿಸಬೇಕಾಗಿಲ್ಲ, ಸ್ಪ್ರಿಂಗೇ ನಿರ್ಧರಿಸುತ್ತದೆ. ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಆಮೇಲೆ ಬಿಗಿಮಾಡಬೇಕು. ಎರಡು ಸುತ್ತಿಗೆ ಎರಡೂ ಪುಲ್ಲಿಗಳ ಗುರುತು ಮರಳಿ ಸ್ವಸ್ಥಾನಕ್ಕೆ ಬರಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಪಿಸ್ಟನ್ನು ಕವಾಟಕ್ಕೆ ತಗಲಿರಬಹುದು. ಇಲ್ಲೊಂದು ಚಮತ್ಕಾರವಿದೆ. ಪಟ್ಟಿಯ ಮೇಲೆಯೇ ಬಣ್ಣದ ಗುರುತು ಇದ್ದರೆ ಅದು ಎರಡು ಸುತ್ತಿಗೆ ಹಿಂದಿರುಗುವುದಿಲ್ಲ! 100 ಹಲ್ಲಿನ ಪಟ್ಟಿಯಾದರೆ ಹತ್ತು ಸುತ್ತು ಬೇಕು. 103 ಹಲ್ಲಿನದಾದರೆ 206 ಸುತ್ತು ಬೇಕು. ಕಾರಣವನ್ನು ಲಘುತಮ ಸಾಮಾನ್ಯ ಗುಣಕದಿಂದ ವಿದ್ಯಾರ್ಥಿಗಳು ಕಂಡುಹಿಡಿಯಲಿ. ಗುರುತು ಕಾಣದೆಂದು ಗಾಬರಿಗೊಂಡು ಪಟ್ಟಿಯನ್ನು ಮತ್ತೆ ಕಳಚುವುದು ಅನಾವಶ್ಯಕ.

ಕೊನೆಗೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು. ನಾವು ಹಾಕುವ ತಿರುಚುಬಲದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯಲು ಸಲ್ಲುತ್ತದೆ. ಉಳಿದುದೆಲ್ಲ ತಲೆಯ ಮತ್ತು ಮರೆಯ ಘರ್ಷಣೆಗೆ ಹೋಗುತ್ತದೆ. ಒಣ ಮರೆಗೆಂದು ಹೇಳಿದ ಅಳತೆಯನ್ನು ಎಣ್ಣೆ ಸವರಿದ ಮರೆಗೆ ಬಳಸಿದರೆ ಬೋಲ್ಟು ಅತಿಯಾಗಿ ಬಿಗಿದು ತುಂಡಾಗಬಹುದು.

ಜತೆಯ ಭಾಗಗಳು

ಪಟ್ಟಿಯನ್ನು ತೆಗೆದಾಗಲೇ ಟೆನ್ಶನರನ್ನೂ ಬದಲಾಯಿಸುವುದು ಲೇಸು. ಅದರ ಬೇರಿಂಗು ಕೂಡ ಅಷ್ಟೇ ಕೋಟಿ ಸುತ್ತು ತಿರುಗಿರುತ್ತದೆ. ಅದು ಕಚ್ಚಿಕೊಂಡರೆ ಹೊಸ ಪಟ್ಟಿಯೂ ಹೋಯಿತು. ಕ್ರ್ಯಾಂಕು, ಕ್ಯಾಮುಗಳ ಆಯಿಲ್ ಸೀಲುಗಳಲ್ಲಿ ಜಿನುಗು ಕಂಡರೆ ಅವನ್ನೂ ಬದಲಾಯಿಸಬೇಕು, ಏಕೆಂದರೆ ಎಣ್ಣೆ ತಗಲಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅನೇಕ ಎಂಜಿನುಗಳಲ್ಲಿ ವಾಟರ್ ಪಂಪು ಇದೇ ಪಟ್ಟಿಯಿಂದ ತಿರುಗುತ್ತದೆ ಅಥವಾ ಇದರ ಹಿಂದೆಯೇ ಇರುತ್ತದೆ. ಅದರ ಬಳಿ ತುಕ್ಕಿನ ಕಲೆಯಿದ್ದರೆ ಆಗಲೇ ಹೊಸದನ್ನು ಹಾಕಿದರೆ ಇಡೀ ಕೆಲಸವನ್ನು ಎರಡು ಸಲ ಮಾಡುವುದು ತಪ್ಪುತ್ತದೆ.

ಕರಾವಳಿಯವರಿಗೆ ಇನ್ನೆರಡು ಮಾತು. ಕಡಲ ಬದಿಯ ಬಾವಿಗಳ ನೀರಿನಲ್ಲಿ ಉಪ್ಪಿನ ಅಂಶವಿರಬಹುದು; ಅದನ್ನು ರೇಡಿಯೇಟರಿಗೆ ಹೊಯ್ದರೆ ಕ್ಲೋರೈಡು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಭಟ್ಟಿ ಇಳಿಸಿದ ನೀರನ್ನೂ ಹೇಳಿದ ಪ್ರಮಾಣದ ಕೂಲಂಟನ್ನೂ ಬಳಸಬೇಕು. ಎರಡನೆಯದಾಗಿ, ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ದನ, ಮಕ್ಕಳು ಯಾರೂ ಅದನ್ನು ಮುಟ್ಟಬಾರದು. ನಮ್ಮ ಮನೆಗಳಲ್ಲಿ ಬಾವಿ ಅಂಗಳದಲ್ಲಿಯೇ ಇರುವುದರಿಂದ ಹಳೆಯ ಕೂಲಂಟನ್ನು ಡಬ್ಬಿಯಲ್ಲಿ ಹಿಡಿದು ಮುಚ್ಚಿಡಬೇಕು; ನೆಲಕ್ಕೆ ಚೆಲ್ಲಲೇಬಾರದು.

ಯಾವ ಕೆಲಸಕ್ಕೆ ಕೈಹಾಕಬಾರದು ಎಂಬ ತಿಳಿವೂ ವಿದ್ಯೆಯ ಭಾಗವೇ. ಎರಡು ಕ್ಯಾಮ್ ದಂಡಗಳುಳ್ಳ, ವಿಶೇಷ ಬೀಗದ ಕಡ್ಡಿಗಳನ್ನು ಬೇಡುವ ಎಂಜಿನುಗಳನ್ನೂ ಡೀಸೆಲ್ ಎಂಜಿನುಗಳನ್ನೂ ನುರಿತ ಮೆಕ್ಯಾನಿಕ್ಕರಿಗೆ ಒಪ್ಪಿಸುವುದೇ ಸರಿ. ಆಗಲೂ ಈ ತಿಳಿವು ವ್ಯರ್ಥವಲ್ಲ. ಏನನ್ನು ಕೇಳಬೇಕು, ಯಾವ ಭಾಗವನ್ನು ಜತೆಯಲ್ಲಿಯೇ ಬದಲಾಯಿಸಿ ಎನ್ನಬೇಕು ಎಂಬುದು ಮಾಲಿಕನಿಗೆ ಗೊತ್ತಿರುತ್ತದೆ. ಕೆಲಸ ಯಾರೇ ಮಾಡಲಿ, ಮುಗಿದ ಮೇಲೆ ತಾರೀಖನ್ನೂ ಓಡಿದ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿರಿ. ಆ ಗಾಡಿಯನ್ನು ನಿಮ್ಮಿಂದ ಮುಂದೆ ಕೊಳ್ಳುವವರಿಗೂ ಅದು ಉಪಕಾರ.